ಹಬ್ಬದ ದಿನ ಬಾಗಿಲು ತೆರೆಯಬೇಕೆ?

ದೊಡ್ಡ ಹಬ್ಬದ ದಿನ ಅಂಗಡಿ ತೆರೆಯಬೇಕೋ ಮುಚ್ಚಬೇಕೋ ಎಂಬುದು ಮೇಲ್ನೋಟಕ್ಕೆ ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯ. ಗಿರಾಕಿ ಬರುವುದಾದರೆ ತೆರೆಯಲಿ, ಇಲ್ಲವಾದರೆ ಬೀಗ ಹಾಕಲಿ. ಆದರೆ ಚಿಲ್ಲರೆ ವ್ಯಾಪಾರದ ಲೆಕ್ಕ ಅಷ್ಟು ಸರಳವಲ್ಲ. ಎದುರಂಗಡಿ ತೆರೆದಿರುವಾಗ ಒಬ್ಬನೇ ಮುಚ್ಚಿದರೆ ಅವನ ಗಿರಾಕಿ ಅತ್ತ ಹೋಗುತ್ತಾನೆ. ಬೀದಿಯ ಅಂಗಡಿಗಳೆಲ್ಲ ಮುಚ್ಚಿದರೆ ಹೆಚ್ಚಿನವರಿಗೆ ನಷ್ಟವೇನೂ ಇಲ್ಲ. ಬೇಕಾದದ್ದನ್ನು ಜನ ಹಿಂದಿನ ದಿನವೋ ಮರುದಿನವೋ ಬಂದು ಕೊಳ್ಳುತ್ತಾರೆ. ಹೀಗೆ ಒಬ್ಬೊಬ್ಬರಾಗಿ ಮುಚ್ಚುವುದು ಕಷ್ಟ, ಒಟ್ಟಾಗಿ ಮುಚ್ಚುವುದು ಸುಲಭ. ಹಬ್ಬದ ವ್ಯಾಪಾರದ ವಿಷಯದಲ್ಲಿ ಸರ್ಕಾರಗಳೂ ನ್ಯಾಯಾಲಯಗಳೂ ತಲೆಹಾಕಿರುವುದಕ್ಕೆ ಇದೂ ಒಂದು ಕಾರಣ.

ಕರ್ನಾಟಕದ ಕ್ಷೌರದಂಗಡಿಗಳು ಈ ತೊಡಕನ್ನು ರೂಢಿಯಿಂದಲೇ ಬಿಡಿಸಿಕೊಂಡಿವೆ. ಹಲವು ಊರುಗಳಲ್ಲಿ ಮಂಗಳವಾರ ಅವುಗಳಿಗೆ ರಜೆ. ಅಂದು ಕೂದಲು ಕತ್ತರಿಸಿಕೊಳ್ಳಲು ಹೊರಟವನು ಬುಧವಾರದವರೆಗೆ ಕಾಯುತ್ತಾನೆ, ಯಾರ ಸಂಪಾದನೆಯೂ ಇನ್ನೊಬ್ಬರ ಪಾಲಾಗುವುದಿಲ್ಲ. ಮಾಲ್‌ಗಳ ಬ್ರಾಂಡೆಡ್ ಸಲೂನ್‌ಗಳು ಈ ಕಟ್ಟಳೆಗೆ ಒಳಪಟ್ಟಿಲ್ಲ, ವಾರದ ಏಳೂ ದಿನ ತೆರೆದಿರುತ್ತವೆ. ರೂಢಿಯ ಶಕ್ತಿ ಎಲ್ಲಿಯವರೆಗೆ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ.

ಹಬ್ಬದ ದಿನ ಬಾಗಿಲು ತೆರೆಯುವ ಪೈಪೋಟಿ ಅತ್ಯಂತ ಬಿರುಸಾಗಿ ನಡೆದದ್ದು ಅಮೆರಿಕದಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಸುತ್ತ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಈ ಹಬ್ಬದಲ್ಲಿ ದೂರದೂರದ ಬಂಧುಗಳು ಒಂದೆಡೆ ಸೇರಿ ಊಟ ಮಾಡುತ್ತಾರೆ. ಮರುದಿನದ ಶುಕ್ರವಾರ, ಅಂದರೆ ಬ್ಲ್ಯಾಕ್ ಫ್ರೈಡೆಯಿಂದ, ಕ್ರಿಸ್‌ಮಸ್ ಖರೀದಿಯ ಭರಾಟೆ ಶುರು. ಹಬ್ಬದ ಈಗಿನ ದಿನಾಂಕದ ಹಿಂದೆಯೂ ವ್ಯಾಪಾರಿಗಳ ಕೈವಾಡವಿದೆ. ಮೊದಲು ಅದನ್ನು ನವೆಂಬರ್‌ನ ಕೊನೆಯ ಗುರುವಾರ ಆಚರಿಸುತ್ತಿದ್ದರು. 1939ರಲ್ಲಿ ಅದು 30ನೇ ತಾರೀಖಿಗೆ ಬಿತ್ತು. ಕ್ರಿಸ್‌ಮಸ್‌ಗೆ ಮೊದಲಿನ ವ್ಯಾಪಾರದ ದಿನಗಳು ಕಡಿಮೆಯಾದವೆಂದು ದೊಡ್ಡ ಮಳಿಗೆಗಳವರು ಮೊರೆಯಿಟ್ಟಾಗ ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ ತಂದರು. ಸುಮಾರು ಅರ್ಧದಷ್ಟು ರಾಜ್ಯಗಳು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಗುರುವಾರ ಹಬ್ಬ ನಡೆಯಿತು. ಕೊನೆಗೆ 1941ರಲ್ಲಿ ಸಂಸತ್ತು ನಾಲ್ಕನೆಯ ಗುರುವಾರವೆಂದು ಕಾನೂನು ಮಾಡಿ ಗೊಂದಲ ಮುಗಿಸಿತು. ಅಂಗಡಿಗಾಗಿ ಹಬ್ಬದ ತಿಥಿಯನ್ನೇ ಸರಿಸಿದ ಇಂಥ ಉದಾಹರಣೆ ಬೇರೆಡೆ ಸಿಗುವುದು ಅಪರೂಪ.

ಹಾಗಿದ್ದೂ ಗುರುವಾರದಂದು ಹೆಚ್ಚಿನ ದೊಡ್ಡ ಮಳಿಗೆಗಳು ಬಹುಕಾಲ ಮುಚ್ಚಿಯೇ ಇರುತ್ತಿದ್ದವು. ಸ್ಪರ್ಧೆಯೆಲ್ಲ ಶುಕ್ರವಾರ ಬೆಳಗ್ಗೆ ಯಾರು ಮೊದಲು ಬಾಗಿಲು ತೆರೆಯುತ್ತಾರೆ ಎಂಬುದರಲ್ಲಿತ್ತು. 2008ರ ನವೆಂಬರ್ 28ರ ಬೆಳಗಿನ ಜಾವ ನ್ಯೂಯಾರ್ಕ್ ಬಳಿಯ ವ್ಯಾಲಿ ಸ್ಟ್ರೀಮ್‌ನ ವಾಲ್‌ಮಾರ್ಟ್ ಮಳಿಗೆಯಲ್ಲಿ, ಕತ್ತಲಲ್ಲಿ ಸಾಲುಗಟ್ಟಿದ್ದ ಜನ ಬಾಗಿಲು ಮುರಿದು ನುಗ್ಗಿದಾಗ ಕಾಲ್ತುಳಿತಕ್ಕೆ ಸಿಕ್ಕಿ ನೌಕರನೊಬ್ಬ ಸತ್ತ. ಆ ಸಾವಿನಿಂದ ಪೈಪೋಟಿ ನಿಲ್ಲಲಿಲ್ಲ. 2011ರಲ್ಲಿ ವಾಲ್‌ಮಾರ್ಟ್ ಹಬ್ಬದ ರಾತ್ರಿ ಹತ್ತಕ್ಕೇ ರಿಯಾಯಿತಿ ಮಾರಾಟ ಆರಂಭಿಸಿತು. ಇನ್ನೊಂದು ದೊಡ್ಡ ಸರಣಿಯಾದ ಟಾರ್ಗೆಟ್ ನಡುರಾತ್ರಿ ಬಾಗಿಲು ತೆರೆಯಿತು. ನಡುರಾತ್ರಿ ತೆರೆಯುವ ಮಳಿಗೆಯ ನೌಕರ ಅದಕ್ಕೂ ಮೊದಲೇ ಹಾಜರಿರಬೇಕು, ಅದಕ್ಕಾಗಿ ಹಗಲು ನಿದ್ದೆ ಮಾಡಬೇಕು, ಅಂದರೆ ಮನೆಮಂದಿಯ ಜೊತೆಗಿನ ಊಟ ತಪ್ಪಿದಂತೆಯೇ. ಆ ವರ್ಷ ಟಾರ್ಗೆಟ್‌ನ ನೌಕರನೊಬ್ಬ ಅಂತರ್ಜಾಲದಲ್ಲಿ ಹಾಕಿದ ಮನವಿಗೆ ಸುಮಾರು ಎರಡು ಲಕ್ಷ ಸಹಿ ಬಿದ್ದವು. ಆದರೂ 2012ರಲ್ಲಿ ವಾಲ್‌ಮಾರ್ಟ್ ರಾತ್ರಿ ಎಂಟಕ್ಕೆ, ಟಾರ್ಗೆಟ್ ಒಂಬತ್ತಕ್ಕೆ ಬಂದವು. 2013ರಲ್ಲಿ ಮೇಸೀಸ್ ಸರಣಿ ಕೂಡ ಮೊದಲ ಬಾರಿಗೆ ಹಬ್ಬದ ರಾತ್ರಿ ತೆರೆಯಿತು, ಮರುವರ್ಷ ಸಂಜೆ ಆರಕ್ಕೇ ಇಳಿಯಿತು.

ಖಾಸಗಿ ನೌಕರನಿಗೆ ಹಬ್ಬದ ರಜೆ ಕೊಡಲೇಬೇಕು, ಕೊಡದಿದ್ದರೆ ಹೆಚ್ಚು ಕೂಲಿ ಕೊಡಬೇಕು ಎನ್ನುವ ರಾಷ್ಟ್ರಮಟ್ಟದ ಕಾನೂನು ಅಮೆರಿಕದಲ್ಲಿ ಇಲ್ಲ. ಆದ್ದರಿಂದ ಬಾಗಿಲು ತೆರೆಯುವ ಸಮಯ ಹಿಂದಕ್ಕೆ ಸರಿದಷ್ಟೂ ಅದರ ಹೊರೆ ಬಿದ್ದದ್ದು ಗಂಟೆ ಲೆಕ್ಕದಲ್ಲಿ ದುಡಿಯುವವರ ಮೇಲೆ. ಮಾಲೀಕರಿಗಾದರೂ ದಕ್ಕಿದ್ದೆಷ್ಟು? ಮನೆಯವರು ಹಬ್ಬಕ್ಕೆಂದು ತೆಗೆದಿಟ್ಟ ಹಣ ಗುರುವಾರ ಖರ್ಚಾದರೆ ಶುಕ್ರವಾರಕ್ಕೆ ಉಳಿಯುವುದಿಲ್ಲ. ಟಿವಿ ಕೊಳ್ಳುವವನು ಒಂದನ್ನೇ ಕೊಳ್ಳುತ್ತಾನೆ. ಮೊದಲು ತೆರೆದವನಿಗೆ ಸಿಗುವ ಲಾಭದ ಬಹುಪಾಲು ಪಕ್ಕದವನ ಗಲ್ಲಾದಿಂದ ಬಂದದ್ದು. ಪಕ್ಕದವನೂ ತೆರೆದ ಮೇಲೆ ಆ ಲಾಭವೂ ಕರಗಿ, ದೀಪದ ಬಿಲ್ಲು ಮತ್ತು ಸಂಬಳದ ಖರ್ಚಷ್ಟೇ ಉಳಿಯುತ್ತದೆ.

ಇದು ಮಳಿಗೆಗಳವರಿಗೆ ತಿಳಿಯದ್ದೇನಲ್ಲ. ಆದರೆ ಮೊದಲು ಹಿಂದೆ ಸರಿಯುವವರು ಯಾರು? 2015ರಲ್ಲಿ ಚಾರಣದ ಸಾಮಾನು ಮಾರುವ ಆರ್‌ಇಐ ಎಂಬ ಸಹಕಾರ ಸಂಸ್ಥೆ ನೌಕರರಿಗೆ ಸಂಬಳಸಹಿತ ರಜೆ ಕೊಟ್ಟು ಬ್ಲ್ಯಾಕ್ ಫ್ರೈಡೆಯಂದೇ ಬಾಗಿಲು ಹಾಕಿತು. ಮರುವರ್ಷ ಮಾಲ್ ಆಫ್ ಅಮೆರಿಕ ಥ್ಯಾಂಕ್ಸ್‌ಗಿವಿಂಗ್ ದಿನ ಮುಚ್ಚಿತು. ದೈತ್ಯ ಸರಣಿಗಳು ಕದಲಿದ್ದು ಮಾತ್ರ 2020ರಲ್ಲಿ. ಕೋವಿಡ್ ಕಾಲದಲ್ಲಿ ಜನಜಂಗುಳಿ ಯಾರಿಗೂ ಬೇಡವಾಗಿತ್ತು. ವಾಲ್‌ಮಾರ್ಟ್ ಹಬ್ಬದ ದಿನ ಮುಚ್ಚುವುದಾಗಿ ಸಾರಿತು, ಉಳಿದವು ಹಿಂಬಾಲಿಸಿದವು. ಎಲ್ಲರೂ ಏಕಕಾಲಕ್ಕೆ ಮುಚ್ಚಿದ್ದರಿಂದ ಯಾರೂ ಯಾರಿಗೂ ಸೋಲಲಿಲ್ಲ. 2021ರಲ್ಲಿ ಟಾರ್ಗೆಟ್ ಇದನ್ನು ಶಾಶ್ವತ ಪದ್ಧತಿಯೆಂದು ಘೋಷಿಸಿತು. ಮನವಿ, ಸಹಿಗಳಿಂದ ಆಗದ್ದು ರೋಗದಿಂದ ಆಯಿತು.

ಆ ಹತ್ತು ವರ್ಷವೂ ಈ ಜಗ್ಗಾಟದಿಂದ ದೂರ ಉಳಿದ ಮೂರು ರಾಜ್ಯಗಳಿದ್ದವು. ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಮತ್ತು ಮೇನ್‌ನಲ್ಲಿ ದೊಡ್ಡ ಮಳಿಗೆಗಳು ಥ್ಯಾಂಕ್ಸ್‌ಗಿವಿಂಗ್ ದಿನ ತೆರೆಯುವುದನ್ನು ಹಳೆಯ ಕಾನೂನುಗಳು ತಡೆದಿದ್ದವು. ಇವುಗಳಲ್ಲಿ ವಿನಾಯಿತಿಗಳ ಪಟ್ಟಿ ಉದ್ದ. ಮೇನ್‌ನಲ್ಲಿ ಐದು ಸಾವಿರ ಚದರ ಅಡಿಗಿಂತ ಚಿಕ್ಕ ಅಂಗಡಿಗೂ ಕ್ರೀಡಾಸಾಮಗ್ರಿಯ ಅಂಗಡಿಗೂ ತಡೆಯಿಲ್ಲ. ಹೀಗಾಗಿ ಫ್ರೀಪೋರ್ಟ್ ಊರಿನಲ್ಲಿ 1951ರಿಂದ ಹಗಲೂ ರಾತ್ರಿ ತೆರೆದಿರುವ ಎಲ್.ಎಲ್. ಬೀನ್ ಮಳಿಗೆ, ದೇಶದಲ್ಲೇ ಬಿಗಿಯಾದ ಹಬ್ಬದ ಕಾನೂನಿನ ನಡುವೆಯೂ ಹಬ್ಬದ ದಿನ ಬಾಗಿಲು ತೆರೆದು ಕೂರುತ್ತದೆ.

ಕಾನೂನಿನಿಂದ ಮುಚ್ಚಿಸುವಾಗ ಏಳುವ ಮುಖ್ಯ ತಕರಾರು, ಅದು ಯಾರ ಹಬ್ಬ ಎಂಬುದು. ಪಾಶ್ಚಾತ್ಯ ದೇಶಗಳ ಇಂಥ ಕಾನೂನುಗಳು ಹೆಚ್ಚಾಗಿ ಕ್ರೈಸ್ತರ ಭಾನುವಾರದ ವಿಶ್ರಾಂತಿಯಿಂದ ಹುಟ್ಟಿದವು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1961ರಲ್ಲಿ, ಹುಟ್ಟು ಧಾರ್ಮಿಕವಾದರೂ ಈಗಿನ ಉದ್ದೇಶ ಎಲ್ಲರಿಗೂ ಒಂದೇ ದಿನ ಬಿಡುವು ಕೊಡುವುದು ಎಂದು ಹೇಳಿ ಅವುಗಳನ್ನು ಎತ್ತಿಹಿಡಿಯಿತು. ಕೆನಡಾದ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ, ಕ್ಯಾಲ್ಗರಿಯ ಔಷಧಿ ಅಂಗಡಿಯೊಂದರ ಮೊಕದ್ದಮೆಯಲ್ಲಿ ಇದಕ್ಕೆ ತದ್ವಿರುದ್ಧವಾದ ತೀರ್ಪು ಕೊಟ್ಟಿತು: ಒಂದು ಧರ್ಮದ ವಿಶ್ರಾಂತಿಯ ದಿನವನ್ನು ಎಲ್ಲರ ಮೇಲೆ ಹೇರುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಆ ಕಾನೂನನ್ನೇ ರದ್ದುಮಾಡಿತು.

ಜರ್ಮನಿಯಲ್ಲಿ ಭಾನುವಾರ ಮತ್ತು ಹಬ್ಬದ ದಿನಗಳ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬಿಟ್ಟ ಬರ್ಲಿನ್‌ನ ಕಾನೂನನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2009ರಲ್ಲಿ ತಳ್ಳಿಹಾಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯುವಂತಿಲ್ಲ. ಮೂಲೆಯ ಕಿರಾಣಿ ಅಂಗಡಿಗೆ ತಡೆಯಿಲ್ಲ. 2018ರಲ್ಲಿ ಭಾನುವಾರದ ವ್ಯಾಪಾರಕ್ಕೆ ಕಡಿವಾಣ ಹಾಕಿದ ಪೋಲೆಂಡ್ ಇನ್ನೂ ಜಾಣತನದ ವಿನಾಯಿತಿ ಇಟ್ಟಿತು. ಮಾಲೀಕ ತಾನೇ ಗಲ್ಲಾದಲ್ಲಿ ಕೂತು ಮಾರುವುದಾದರೆ ಮಾರಲಿ, ಆಳುಗಳನ್ನು ನಿಲ್ಲಿಸಿ ಮಾರಿಸುವಂತಿಲ್ಲ. ಹಂಗೆರಿ ಮಾತ್ರ 2015ರಲ್ಲಿ ತಂದ ಭಾನುವಾರದ ನಿಷೇಧವನ್ನು ಜನರ ಅಸಮಾಧಾನ ಕಂಡು ಮರುವರ್ಷವೇ ಹಿಂತೆಗೆದುಕೊಂಡಿತು. ನ್ಯೂಜಿಲೆಂಡ್‌ನಲ್ಲಿ ವರ್ಷಕ್ಕೆ ಮೂರೂವರೆ ದಿನ ಮಾತ್ರ ಕಡ್ಡಾಯ ರಜೆ. ಗುಡ್ ಫ್ರೈಡೆ, ಈಸ್ಟರ್ ಭಾನುವಾರ, ಕ್ರಿಸ್‌ಮಸ್ ಪೂರ್ತಿ ದಿನ. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್‌ಜಾಕ್ ದಿನ ಮಧ್ಯಾಹ್ನ ಒಂದರವರೆಗೆ. ಈಸ್ಟರ್ ಭಾನುವಾರ ತೆರೆಯಲು ಬಿಡುವ ಅಧಿಕಾರವನ್ನು 2016ರಲ್ಲಿ ಸ್ಥಳೀಯ ಆಡಳಿತಗಳಿಗೆ ಕೊಟ್ಟಾಗ, ಅಂದು ಕೆಲಸಕ್ಕೆ ಬರುವುದಿಲ್ಲವೆಂದು ಕಾರಣ ಹೇಳದೆಯೇ ನಿರಾಕರಿಸುವ ಹಕ್ಕನ್ನು ನೌಕರರಿಗೂ ಕೊಟ್ಟರು.

ಕರ್ನಾಟಕದಲ್ಲಿ ಪ್ರಶ್ನೆಯ ರೂಪವೇ ಬೇರೆ, ಏಕೆಂದರೆ ಇಲ್ಲಿಯ ಹಲವು ಹಬ್ಬಗಳು ಅಂಗಡಿಯ ಒಳಗೇ ನಡೆಯುತ್ತವೆ. ಆಯುಧಪೂಜೆಯಂದು ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಈಗೀಗ ಕಂಪ್ಯೂಟರಿಗೂ ಕುಂಕುಮವಿಟ್ಟು, ಬಾಗಿಲ ಮುಂದೆ ಬೂದುಗುಂಬಳ ಒಡೆದು, ನೌಕರರಿಗೆ ಸಿಹಿ ಹಂಚುತ್ತಾರೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿ ತೆರೆದಿರಲೇಬೇಕು. ಅಕ್ಷಯ ತೃತೀಯದಂದು ಮುಚ್ಚಿದ ಚಿನ್ನದಂಗಡಿಯನ್ನು ಊಹಿಸುವುದೂ ಕಷ್ಟ. ಯುಗಾದಿಯ ಮರುದಿನದ ಹೊಸತೊಡಕಿಗೆ ಬೆಳಗಾಗುವ ಮೊದಲೇ ಮಾಂಸದಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಹಬ್ಬದ ದಿನ ಎಲ್ಲ ಅಂಗಡಿ ಮುಚ್ಚಿ ಎಂಬ ಜರ್ಮನಿಯ ಸೂತ್ರ ಇಲ್ಲಿ ಅರ್ಧ ಹಬ್ಬವನ್ನೇ ನಿಲ್ಲಿಸಿಬಿಟ್ಟೀತು.

ದುಡಿಯುವವರ ಹಬ್ಬ ಇಲ್ಲಿ ಕಳೆದುಹೋಗುವುದು ಸಾಮಾನ್ಯವಾಗಿ ಹಿಂದಿನ ದಿನಗಳಲ್ಲಿ. ವರಮಹಾಲಕ್ಷ್ಮಿ ವ್ರತದ ಮುನ್ನಾದಿನ ಸೀರೆ ಅಂಗಡಿಯಲ್ಲಿ ಕೊನೆಯ ಗಿರಾಕಿ ಹೊರಬಿದ್ದು ಶಟರ್ ಅರ್ಧ ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಿಚ್ಚಿ ಹರಡಿದ ಸೀರೆಗಳನ್ನು ಒಂದೊಂದಾಗಿ ಮಡಿಸಿ ರ‍್ಯಾಕಿಗೆ ಸೇರಿಸಿ, ಸ್ಟಾಕ್ ಲೆಕ್ಕ ಒಪ್ಪಿಸಿ ಮನೆಗೆ ಹೋದ ಹೆಣ್ಣುಮಗಳು ತನ್ನ ಮನೆಯ ಕಲಶಕ್ಕೆ ಅಣಿಮಾಡಬೇಕು. ಹಗಲಿಡೀ ನಿಂತೇ ಇರುವ ಇಂಥವರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಾಗಿ ಬರೆದವು.

ಕರ್ನಾಟಕದ ಕಾನೂನು ಅಂಗಡಿಯ ರಜೆಯನ್ನೂ ನೌಕರನ ರಜೆಯನ್ನೂ ಬೇರೆಬೇರೆಯಾಗಿ ನೋಡುತ್ತದೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದುಡಿಮೆಯ ಹೊತ್ತು ಮತ್ತು ವಾರದ ರಜೆಯನ್ನು ಗೊತ್ತುಮಾಡುತ್ತದೆ. ಹಬ್ಬದ ರಜೆಗೆ 1963ರ ಇನ್ನೊಂದು ಕಾಯ್ದೆಯಿದೆ. ಹೆಸರಿನಲ್ಲಿ ಕೈಗಾರಿಕೆ ಎಂದಿದ್ದರೂ ಅದು ಅಂಗಡಿಗಳನ್ನೂ ಒಳಗೊಳ್ಳುತ್ತದೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ ಎಂಬ ಐದು ದಿನ ಮತ್ತು ಹಬ್ಬಗಳಿಗೆಂದು ಇನ್ನೈದು ದಿನ ಸಂಬಳಸಹಿತ ರಜೆ ಕೊಡಬೇಕು. ಆ ದಿನ ಕೆಲಸ ಮಾಡಿಸಿದರೆ ಇಮ್ಮಡಿ ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿ ರಜೆ. ಯಾರ ಹಬ್ಬ ಎಂಬ ಕೆನಡಾದ ತಕರಾರಿಗೆ ಇದರಲ್ಲಿ ಒಂದು ಮಟ್ಟಿನ ಉತ್ತರವಿದೆ: ಮೊದಲ ಐದು ಎಲ್ಲರವು, ಉಳಿದ ಐದನ್ನು ಆರಿಸಿಕೊಳ್ಳಬಹುದು.

2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಬಹುದೆಂದು ಮೂರು ವರ್ಷಗಳ ಅವಧಿಗೆ ಆದೇಶಿಸಿತು. ಕೇಂದ್ರ ಸರ್ಕಾರ 2016ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾನೂನಿನ ದಿಕ್ಕೂ ಇದೇ ಆಗಿತ್ತು. ಆದೇಶದ ಷರತ್ತುಗಳಂತೆ ಸರದಿಯ ಮೇಲೆ ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ ಇರಬೇಕಿತ್ತು, ದಿನಕ್ಕೆ ಎಂಟು ಗಂಟೆ ಮೀರಿದರೆ ಓಟಿ ಕೊಡಬೇಕಿತ್ತು, ಲಿಖಿತ ಒಪ್ಪಿಗೆ ಇಲ್ಲದೆ ಮಹಿಳೆಯರನ್ನು ರಾತ್ರಿ ಎಂಟರ ನಂತರ ದುಡಿಸುವಂತಿರಲಿಲ್ಲ.

ಕಾಗದದ ಮೇಲೆ ಕರ್ನಾಟಕದ ಕಾನೂನುಗಳು ಅಮೆರಿಕದ ವ್ಯವಸ್ಥೆಗಿಂತ ಎಷ್ಟೋ ಮೇಲು. ಆದರೆ ಸರದಿ ಪಟ್ಟಿ ಬರೆಯುವವನು ಸೂಪರ್‌ವೈಸರ್. ಹಬ್ಬದ ದಿನ ಬರಲಾಗದೆಂದವನ ಹೆಸರು ಮುಂದಿನ ತಿಂಗಳ ಪಟ್ಟಿಯಲ್ಲಿ ಎಲ್ಲಿರುತ್ತದೆ ಎಂಬುದನ್ನು ಯಾವ ಇನ್‌ಸ್ಪೆಕ್ಟರೂ ನೋಡುವುದಿಲ್ಲ. ಒಪ್ಪಿಗೆ ಪತ್ರಕ್ಕಿಂತ ಇಮ್ಮಡಿ ಸಂಬಳದ ನಿಯಮವೇ ಹೆಚ್ಚು ಪರಿಣಾಮಕಾರಿ ಎನ್ನಬೇಕಾಗುತ್ತದೆ. ಹಬ್ಬದ ದಿನದ ಪ್ರತಿ ಗಂಟೆಗೂ ಎರಡರಷ್ಟು ಕೊಡಬೇಕಾದ ಮಾಲೀಕ ನಿಜವಾಗಿ ಗಿರಾಕಿ ಬರುವ ಹೊತ್ತಿಗೆ ಮಾತ್ರ ಬಾಗಿಲು ತೆರೆಯುತ್ತಾನೆ. ಇಂಥ ನಿಯಮ ಮಾಲೀಕರಿಗೆ ಎಷ್ಟು ಭಾರವೆಂಬುದು ಮ್ಯಾಸಚೂಸೆಟ್ಸ್‌ನಲ್ಲಿ ತಿಳಿಯಿತು. ಅಲ್ಲಿ ಭಾನುವಾರ ಮತ್ತು ಕೆಲವು ರಜಾದಿನಗಳಂದು ಮಳಿಗೆಯ ನೌಕರರಿಗೆ ಒಂದೂವರೆ ಪಟ್ಟು ಕೂಲಿ ಕಡ್ಡಾಯವಾಗಿತ್ತು. 2018ರ ಒಪ್ಪಂದದಲ್ಲಿ ವ್ಯಾಪಾರಿಗಳ ಕಡೆಯವರು ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸಲು ಒಪ್ಪಿ, ಅದಕ್ಕೆ ಪ್ರತಿಯಾಗಿ ಆ ನಿಯಮವನ್ನು 2023ರ ಹೊತ್ತಿಗೆ ಪೂರ್ತಿ ತೆಗೆಸಿಕೊಂಡರು.

ಈ ಯಾವ ಲೆಕ್ಕಕ್ಕೂ ಸಿಗದ ಅಂಗಡಿಯೊಂದು ಈಗ ಬೆಳೆದಿದೆ. ಥ್ಯಾಂಕ್ಸ್‌ಗಿವಿಂಗ್ ದಿನ ವಾಲ್‌ಮಾರ್ಟ್‌ನ ಬಾಗಿಲು ಮುಚ್ಚಿದ್ದರೂ ಅದರ ವೆಬ್‌ಸೈಟಿನಲ್ಲಿ ವ್ಯಾಪಾರ ನಡೆಯುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಹಬ್ಬದ ಬೆಳಗ್ಗೆ ಕರ್ಪೂರವೋ ಬಾಳೆಹಣ್ಣೋ ಸಾಲದೆ ಬಂದರೆ ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ಗಳ ಹುಡುಗ ನಿಮಿಷಗಳಲ್ಲಿ ತಂದು ಕೊಡುತ್ತಾನೆ. ಅವನಿಗೆ ವಾರದ ರಜೆಯೂ ಇಲ್ಲ, ಇಮ್ಮಡಿ ಸಂಬಳವೂ ಇಲ್ಲ, ಏಕೆಂದರೆ ಕಂಪನಿಯ ಕಡತದಲ್ಲಿ ಅವನು ನೌಕರನಲ್ಲ, ಪಾಲುದಾರ. ಹಬ್ಬದ ದಿನ ಆರ್ಡರ್‌ಗೆ ಇಷ್ಟೆಂದು ಸಿಗುವ ಇನ್ಸೆಂಟಿವ್ ಕಂಪನಿ ತಾನಾಗಿ ಕೊಟ್ಟದ್ದು, ಬೇಡವೆಂದಾಗ ನಿಲ್ಲಿಸಬಹುದಾದದ್ದು. ಕರ್ನಾಟಕ 2025ರಲ್ಲಿ ಇಂಥ ಗಿಗ್ ಕಾರ್ಮಿಕರಿಗೆಂದು ತಂದ ಕಾನೂನು ಪ್ರತಿ ವಹಿವಾಟಿನ ಮೇಲೆ ಶುಲ್ಕ ವಸೂಲು ಮಾಡಿ ಕಲ್ಯಾಣ ನಿಧಿ ಕಟ್ಟುತ್ತದೆ. ಆದರೆ ಅದು 1963ರ ಕಾಯ್ದೆಯ ಹತ್ತು ದಿನಗಳನ್ನು ಅವರಿಗೆ ವಿಸ್ತರಿಸುವುದಿಲ್ಲ.