ವೀಸಾ ಸಿಕ್ಕರೂ ಬಾಗಿಲು ತೆರೆಯಲಿಲ್ಲ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಬೀದಿಗೊಬ್ಬರು ಸಿಗುತ್ತಾರೆ. ಅವರ ಅನುಭವಗಳನ್ನು ನೀವೂ ಕೇಳಿರುತ್ತೀರಿ. ಆದರೆ ಅಲ್ಲಿಯವರೆಗೂ ಹೋಗಿ, ವಿಮಾನ ನಿಲ್ದಾಣದಿಂದಲೇ ಹಿಂದಿರುಗಿದವರ ಕಥೆ ಕೇಳಿದ್ದೀರಾ? ಅಂಥವರು ಬಾಯಿಬಿಡುವುದಿಲ್ಲ. ನನ್ನ ಅಕ್ಕನೂ ಆರು ತಿಂಗಳು ಬಾಯಿಬಿಟ್ಟಿರಲಿಲ್ಲ. ಈಗ ಅವಳೇ, "ಬರಿಯೇ, ಇನ್ನೊಬ್ಬರಿಗಾದ್ರೂ ಉಪಯೋಗವಾಗ್ಲಿ" ಎಂದದ್ದರಿಂದ ಬರೆಯುತ್ತಿದ್ದೇನೆ.

2023ರ ನವೆಂಬರ್ ತಿಂಗಳು. ಅಕ್ಕ ಚೆನ್ನೈಗೆ ಹೋಗಿ ಸಂದರ್ಶನ ಕೊಟ್ಟು ಹತ್ತು ವರ್ಷದ ವೀಸಾ ಪಡೆದಿದ್ದಳು. ಮಗಳಿಗೆ ದಿನ ತುಂಬಲು ಇನ್ನು ಮೂರೇ ವಾರ. ಅಂಟಿನುಂಡೆ, ಬಾಣಂತಿ ಲೇಹ್ಯ, ಹಳೆ ಸೀರೆಯ ಮೆತ್ತನೆ ಬಟ್ಟೆ, ನಾನೇ ಹೆಣೆದ ಕುಲಾವಿ ಎಲ್ಲ ತುಂಬಿಕೊಂಡು ಹೊರಟಳು.

ಅಲ್ಲಿ ಇಳಿದಾಗ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಏಕೆ ಬಂದಿದ್ದೀರಿ? ಅಕ್ಕ ತನಗೆ ಬರುವ ಇಂಗ್ಲಿಷಿನಲ್ಲಿ, "ಬೇಬಿ ಕೇರ್. ಡಾಟರ್ ಜಾಬ್ ಗೋಯಿಂಗ್" ಎಂದಳು. ಎಷ್ಟು ದಿನ ಎಂದದ್ದಕ್ಕೆ, "ಸಿಕ್ಸ್ ಮಂತ್ಸ್, ಆಮೇಲೆ ಎಕ್ಸ್‌ಟೆಂಡ್" ಎಂದಳು. ಕೂಡಲೇ ಅವಳನ್ನು ಇನ್ನೊಂದು ಕೋಣೆಗೆ ಕರೆದೊಯ್ದರು. ಸಾಮಾನು ಬಿಚ್ಚಿ ನೋಡಿದರು, ಫೋನನ್ನೂ ನೋಡಿದರು. ಅದರಲ್ಲಿ ಮಗಳ ಗೆಳತಿಯ ಒಂದು ಸಂದೇಶ ಸಿಕ್ಕಿತು: "ಆಂಟಿ, ನಮ್ಮ ಪಾಪುವನ್ನೂ ಜೊತೆಗೇ ನೋಡ್ಕೊಳ್ಳಿ, ತಿಂಗಳಿಗೆ ಇಷ್ಟು ಕೊಡ್ತೀನಿ." ಅದಕ್ಕೆ ಅಕ್ಕ, "ಆಗಲಿ ಕಣಮ್ಮ" ಎಂದು ಉತ್ತರ ಬರೆದಿದ್ದಳು!

ನಮ್ಮ ಕಣ್ಣಿಗೆ ಇದೊಂದು ಉಪಕಾರ. ಅವರ ಕಾನೂನಿನ ಕಣ್ಣಿಗೆ, ಪ್ರವಾಸಿ ವೀಸಾದಲ್ಲಿ ಬಂದು ಮಾಡುವ ಸಂಬಳದ ಕೆಲಸ. ಅಧಿಕಾರಿಯದು ತಪ್ಪೆಂದು ನಾನು ಹೇಳಲಾರೆ. ಆದರೆ ಗೋಡೆಯ ಆ ಕಡೆ ತುಂಬು ಬಸುರಿ ಮಗಳು, ಈ ಕಡೆ ಹನ್ನೊಂದು ಗಂಟೆ ಕಾಲ ಕುರ್ಚಿಯ ಮೇಲೆ ಕುಳಿತ ತಾಯಿ. ಮುಖ ನೋಡಲೂ ಆಗಲಿಲ್ಲ. ಏನು ಬರೆದಿದೆಯೆಂದು ತಿಳಿಯದೆ ಕಾಗದಗಳಿಗೆ ಸಹಿ ಹಾಕಿ, ಮುಂದಿನ ವಿಮಾನದಲ್ಲಿ ವಾಪಸಾದಳು. ಕುಲಾವಿಯೂ ಅವಳ ಜೊತೆಗೇ ಬಂತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಆಮೇಲೆ ನಾವು ತಿಳಿದವರನ್ನು ಕೇಳಿ ಅರಿತದ್ದನ್ನು ನಿಮಗೂ ಹೇಳುತ್ತೇನೆ.

ವೀಸಾ ಎಂದರೆ ಬಾಗಿಲು ತಟ್ಟಲು ಅನುಮತಿ, ಅಷ್ಟೆ. ಒಳಗೆ ಬಿಡುವುದು, ಎಷ್ಟು ದಿನವೆಂದು ಗೊತ್ತುಮಾಡುವುದು ವಿಮಾನ ನಿಲ್ದಾಣದ ಅಧಿಕಾರಿಯ ಕೈಯಲ್ಲಿದೆ. ಹತ್ತು ವರ್ಷದ ವೀಸಾ ಇದ್ದರೂ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಮಾತ್ರ ಇರಲು ಬಿಡುತ್ತಾರೆ.

ಸಂಬಳದ ಮಾತು ಯಾರೊಂದಿಗೂ ಬೇಡ, ಮನಸ್ಸಿನಲ್ಲೂ ಬೇಡ. ಮೊಮ್ಮಗುವನ್ನು ನೋಡಲು ಹೋಗುವುದು ಬೇರೆ, ಕೆಲಸಕ್ಕೆ ಹೋಗುವುದು ಬೇರೆ. ಏಕೆ ಹೋಗುತ್ತಿದ್ದೇವೆ, ಯಾರ ಮನೆಯಲ್ಲಿರುತ್ತೇವೆ, ಯಾವಾಗ ಹಿಂದಿರುಗುತ್ತೇವೆ ಎಂಬುದನ್ನು ಮನೆಯಲ್ಲೇ ಸ್ಪಷ್ಟಮಾಡಿಕೊಳ್ಳಿ. ಹಿಂದಿರುಗುವ ಟಿಕೆಟ್, ಮಗಳ ವಿಳಾಸ, ಫೋನ್ ನಂಬರು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ತಿಂಡಿ ತೀರ್ಥ ಏನೇ ಒಯ್ದರೂ ಕೇಳಿದಾಗ ಮುಚ್ಚಿಡಬೇಡಿ.

ಇಂಗ್ಲಿಷ್ ತೊಡಕಾದರೆ ನಾಚಿಕೆಪಡದೆ ಕನ್ನಡ ದುಭಾಷಿ ಬೇಕೆಂದು ಕೇಳಿ. ನೀವು ಆಡಿದ್ದನ್ನೆಲ್ಲ ಅವರು ಹೇಳಿಕೆಯಾಗಿ ಬರೆದುಕೊಳ್ಳುತ್ತಾರೆ. ಅರ್ಥವಾಗದೆ ಸಹಿ ಹಾಕಬೇಡಿ.

ವಾಪಸು ಕಳಿಸುವುದರಲ್ಲೂ ಎರಡು ಬಗೆಯಿದೆ. 1996ರ ಕಾನೂನಿನಂತೆ ಅಧಿಕಾರಿಯೇ ಹೊರಹಾಕುವ ಆಜ್ಞೆ ಹೊರಡಿಸಿದರೆ 5 ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರಂತೂ ಜೀವಮಾನದ ನಿಷೇಧವೂ ಆಗಬಹುದು. ಇನ್ನೊಂದು, ಪ್ರವೇಶದ ಕೋರಿಕೆಯನ್ನು ನಾವೇ ಹಿಂದೆಗೆದುಕೊಳ್ಳಲು ಅವರು ಬಿಡುವುದು. ಅಕ್ಕನಿಗೆ ಆದದ್ದು ಇದು. ವೀಸಾ ರದ್ದಾಯಿತು, ಆದರೆ 5 ವರ್ಷದ ತಡೆ ಇಲ್ಲ. ಪುಣ್ಯವಶಾತ್ ಅವಳು ಸಹಿ ಹಾಕಿದ್ದು ಆ ಕಾಗದಕ್ಕೆ.

ಇಷ್ಟೆಲ್ಲದರಲ್ಲಿ ಅಕ್ಕನನ್ನು ಹಿಂಡಿದ್ದು ಕಾನೂನಲ್ಲ, ನಮ್ಮ ಊರು. "ಇಷ್ಟು ಬೇಗ ಬಂದ್ರಾ?" ಎಂಬ ಒಂದು ಮಾತಿಗೆ ಹೆದರಿ ತಿಂಗಳುಗಟ್ಟಲೆ ದೇವಸ್ಥಾನಕ್ಕೂ ಹೋಗಲಿಲ್ಲ. ಮೊಮ್ಮಗ ಹುಟ್ಟಿದ ಸಿಹಿಯನ್ನೂ ನೆರೆಮನೆಗೆ ಹಂಚಲಿಲ್ಲ. ನೀವೇ ಹೇಳಿ, ಅವಳೇನು ಕಳ್ಳತನ ಮಾಡಿದ್ದಳೇ? ತಿಳಿಯದೆ ಒಂದು ತಪ್ಪಾಯಿತು, ಅದಕ್ಕೆ ದಂಡವನ್ನೂ ತೆತ್ತಳು. ನಿಮ್ಮ ಬೀದಿಯಲ್ಲಿ ಹೀಗೆ ಬೇಗ ಬಂದವರಿದ್ದರೆ ಕಾರಣ ಕೇಳಬೇಡಿ, ಒಂದು ಲೋಟ ಕಾಫಿ ಕೊಡಿ, ಸಾಕು.

ಮೊದಲ ಹುಟ್ಟುಹಬ್ಬಕ್ಕೆ ಮಗುವನ್ನು ಕರೆದುಕೊಂಡು ಮಗಳೇ ಊರಿಗೆ ಬಂದಳು. ಆ ಹೊತ್ತಿಗೆ ಕುಲಾವಿ ಚಿಕ್ಕದಾಗಿತ್ತು. ಆದರೂ ಅಕ್ಕ ಒಂದು ಗಳಿಗೆ ತಲೆಗಿಟ್ಟು ಕಣ್ತುಂಬ ನೋಡಿದಳು.

ಅವಳೀಗ ಮತ್ತೆ ವೀಸಾಕ್ಕೆ ಅರ್ಜಿ ಹಾಕುವವಳಿದ್ದಾಳೆ. ಹಿಂದೆಂದಾದರೂ ಪ್ರವೇಶ ನಿರಾಕರಿಸಿದ್ದಾರೆಯೇ, ಕೋರಿಕೆ ಹಿಂದೆಗೆದುಕೊಂಡಿದ್ದೀರಾ ಎಂಬ ಪ್ರಶ್ನೆ ಆ ಅರ್ಜಿಯಲ್ಲೇ ಇದೆ. "ಇಲ್ಲ ಅಂತ ಬರೆದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಅಕ್ಕ ಕೇಳಲಿಲ್ಲ. "ಹೌದು" ಎಂದೇ ಬರೆಯುತ್ತಾಳಂತೆ. ಸಿಗಲಿ, ಬಿಡಲಿ, ಈ ಸಲ ತಲೆ ಎತ್ತಿಕೊಂಡು ಹೋಗುತ್ತಾಳೆ.