ಹುಲ್ಲಿನ ಹಗೇವು

ಮುಂಗಾರಿನ ಹೊತ್ತಿಗೆ ಪತ್ರಿಕೆಗಳಲ್ಲಿ ಸಸಿ ನೆಟ್ಟ ಸುದ್ದಿಗಳು ತುಂಬಿಕೊಳ್ಳುತ್ತವೆ; 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪರಿಸರ ರಕ್ಷಣೆಯೆಂದರೆ ಮರ ಬೆಳೆಸುವುದು ಎಂಬ ಭಾವನೆ ಗಟ್ಟಿಯಾಗಿದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಕಾಡಂಚಿಗೆ ಇದು ಹೊಂದಬಹುದಾದರೂ, ಬಾಬಾಬುಡನ್ ಗಿರಿಗಳು ನೈಋತ್ಯ ಮಾರುತವನ್ನು ತಡೆಯುವುದರಿಂದ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನಷ್ಟೇ ಕಾಣುವ ಕಡೂರು, ಅಜ್ಜಂಪುರಗಳ ಬಯಲಿಗೆ ಹೊಂದುವುದಿಲ್ಲ. ಅಲ್ಲಿನ ನೆಲವನ್ನು ಕಾಯುತ್ತ ಬಂದಿರುವುದು ಹುಲ್ಲು.

ಹಿಂದೆ ಬಯಲುಸೀಮೆಯ ರೈತರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುತ್ತಿದ್ದರು. ಮೇಲೆ ಬೆಂಕಿ ಬಿದ್ದರೂ ಕೊಳ್ಳೆ ನಡೆದರೂ ಒಳಗಿನ ಕಾಳು ಉಳಿಯುತ್ತಿತ್ತು. ಬಹುವಾರ್ಷಿಕ ಹುಲ್ಲಿನ ಜೀವನಕ್ರಮವೂ ಇಂಥದೇ. ಅದರ ಬೆಳವಣಿಗೆಯ ಮೊಳಕೆಗಳು ಬುಡದಲ್ಲಿರುವುದರಿಂದ ದನ ಮೇಯ್ದರೂ ಗರಿ ಸುಟ್ಟರೂ ಮತ್ತೆ ಚಿಗುರುತ್ತದೆ. ಗಾಳಿಯಿಂದ ಪಡೆದ ಇಂಗಾಲದ ಗಣನೀಯ ಪಾಲನ್ನು ಬೇರುಗಳ ಮೂಲಕ ಮಣ್ಣಿಗೆ ಸೇರಿಸುತ್ತದೆ. ಆ ಬೇರುಜಾಲವೇ ಮಳೆಹನಿಯ ಹೊಡೆತಕ್ಕೆ ಮೇಲ್ಮಣ್ಣು ಕದಲದಂತೆ ಹಿಡಿದು, ನೀರನ್ನು ಇಂಗಿಸುತ್ತದೆ. ಹಗೇವಿಗೆ ತುಂಬುವುದನ್ನು ನಿಲ್ಲಿಸಿ ತೆಗೆಯುತ್ತಲೇ ಹೋದರೆ ಅದು ಬರಿದಾಗುವಂತೆ, ಎಲೆ ಮೂಡಲು ಬಿಡುವಿಲ್ಲದಷ್ಟು ಮೇಯಿಸಿದರೆ ಬೇರು ಸೊರಗುತ್ತದೆ, ಕೊಚ್ಚಿಹೋದ ಮಣ್ಣು ಕೆರೆಗಳಲ್ಲಿ ಹೂಳಾಗಿ ಕೂರುತ್ತದೆ.

ಈ ಬಿಡುವಿನ ಲೆಕ್ಕ ಮೈಸೂರು ಸಂಸ್ಥಾನಕ್ಕೆ ತಿಳಿದಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ರಾಸುಗಳ ಇಲಾಖೆಯಾಗಿದ್ದ ಬೆಣ್ಣೆಚಾವಡಿಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಅದರ ರಾಸುಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳೇ ಕಾವಲುಗಳು. ಇವುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದವೆಂದು ವಿಂಗಡಿಸಿ ಹಿಂಡುಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದುದರಿಂದ, ಒಂದು ಕಾವಲು ಮೇವು ಕೊಡುವಾಗ ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ಸರದಿ ಮೇಯಿಸುವಿಕೆಯನ್ನು ಹೊಸ ಆವಿಷ್ಕಾರವೆಂಬಂತೆ ಸಾರುವವರು ಈ ಇತಿಹಾಸವನ್ನು ಒಮ್ಮೆ ಗಮನಿಸುವುದು ಒಳ್ಳೆಯದು. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿ ಇಂದಿಗೂ ಇದೆ. ಕಾವಲುಗಳು ಮಾತ್ರ ಒತ್ತುವರಿಯಿಂದಲೂ, ಬೇರೆ ಉದ್ದೇಶಗಳಿಗೆ ಹಂಚಿಕೆಯಾಗಿಯೂ ಕುಗ್ಗಿವೆ.

ಹುಲ್ಲುಗಾವಲನ್ನು ಪಾಳು ಭೂಮಿಯೆಂದು ಬಗೆದು ನೀಲಗಿರಿ ನೆಟ್ಟದ್ದೂ ಒಂದು ಬಗೆಯ ಅವನತಿಯೇ ಆಯಿತು, ಏಕೆಂದರೆ ಆಳಕ್ಕಿಳಿಯುವ ಅದರ ಬೇರು ಅಲ್ಪ ಮಳೆಯ ತೇವವನ್ನೂ ಹೀರಿಕೊಂಡರೆ, ನೆರಳು ಬಿಸಿಲುಪ್ರಿಯ ಹುಲ್ಲನ್ನು ಕೊಲ್ಲುತ್ತದೆ. ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಬಹಳ ತಡವಾಗಿ. ಅದಕ್ಕೂ ಮೊದಲು, 2011ರಲ್ಲಿ, ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಸುಮಾರು 7 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎನಿಸಿತು. ಇಂಥ ನೆಲದಲ್ಲಿ ಹುಲ್ಲನ್ನು ಆಕ್ರಮಿಸುವ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳುವುದು, ಹುಲ್ಲು ಬೀಜ ಕಟ್ಟುವವರೆಗೆ ಮೇಯಿಸುವುದನ್ನು ತಡೆಯುವುದು ಸಸಿ ನೆಡುವುದಕ್ಕಿಂತ ಹೆಚ್ಚು ಫಲಕಾರಿ; ಆದರೆ ಆ ತಿಂಗಳುಗಳಲ್ಲಿ ಸುತ್ತಲಿನ ಹಳ್ಳಿಗಳ ದನಕುರಿಗಳಿಗೆ ಗೋಮಾಳದಲ್ಲಾದರೂ ಮೇವು ಒದಗಿಸದೆ ಬೇಲಿ ಹಾಕಿದರೆ ಆ ಬೇಲಿ ಉಳಿಯಲಾರದು.