ಬೆಂಗಳೂರಿನ ಪೇಟೆಗಳ ನಾಮವಿಚಾರ

ಪರಸ್ಥಳದಿಂದ ಬೆಂಗಳೂರಿಗೆ ಬಂದು ಹಳೆಯ ಪೇಟೆಗಳಲ್ಲಿ ಸಂಚರಿಸುವವನು, ಅಲ್ಲಿನ ಹೆಸರುಗಳನ್ನು ಕೇಳಿದೊಡನೆಯೇ ಅರ್ಥವಾಯಿತೆಂದು ಭಾವಿಸುವುದು ಸಹಜ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬಲ್ಲಿ ಸರಕಾಗಲಿ ಕಸುಬಾಗಲಿ ಪೂರ್ವಪದವಾಗಿರುವುದರಿಂದ ಕ್ಲೇಶವಿಲ್ಲ. ತರಗುಪೇಟೆಯೆಂಬಲ್ಲಿ ಮಾತ್ರ ಮೋಸಹೋಗುವ ಸಂಭವವುಂಟು. ತರಗೆಲೆಯೆಂಬ ಮಾತಿನ ಬಳಕೆಯನ್ನು ನೆನೆದು, ಇಲ್ಲಿ ಒಣಗಿದ ಎಲೆಗಳ ವ್ಯಾಪಾರವಿದ್ದಿತೆಂದು ಊಹಿಸುವುದು ಯುಕ್ತವಲ್ಲ. 'ತರಗು' ಎಂಬುದಕ್ಕೆ ದಳ್ಳಾಳಿತನ, ಅದಕ್ಕೆ ಸಲ್ಲುವ ಹಣ ಎಂಬ ಅರ್ಥವೂ ಉಂಟು, ತಮಿಳಿನಲ್ಲಿಯೂ ಹಾಗೆಯೇ. ಧಾನ್ಯದ ಸಗಟು ವ್ಯಾಪಾರಕ್ಕೆ ಹೆಸರಾದ ಸ್ಥಳಕ್ಕೆ ಈ ಅರ್ಥವೇ ಹೊಂದುತ್ತದೆ. ಬೆಳೆದವನೂ ಅಲ್ಲದ, ಉಣ್ಣುವವನೂ ಅಲ್ಲದ ನಡುವಿನವನ ಕೂಲಿಯು ಒಂದು ಪೇಟೆಗೆ ಹೆಸರಾದದ್ದು ವಿನೋದವೇ ಸರಿ!

ಪುಣೆಯ ಪೇಟೆಗಳಲ್ಲಿ ಕ್ರಮವೇ ಬೇರೆ. ಅಲ್ಲಿ ಶನಿವಾರ, ಬುಧವಾರ ಮೊದಲಾದ ವಾರನಾಮಗಳೂ, ಸದಾಶಿವ, ನಾರಾಯಣ ಮೊದಲಾದ ವ್ಯಕ್ತಿನಾಮಗಳೂ ಪ್ರಚುರವಾಗಿವೆ. ಬೆಂಗಳೂರಿನಲ್ಲಿ ವ್ಯಕ್ತಿನಾಮಗಳು ಇಲ್ಲವೆಂದಲ್ಲ. 1834ರಿಂದ 1861ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಹೆಸರು ಕಬ್ಬನ್‌ಪೇಟೆಯಲ್ಲಿದೆ.

ಹೆಸರಿಗೂ ವಸ್ತುವಿಗೂ ಇಂದು ಸಂಬಂಧವು ಶಿಥಿಲವಾಗಿದೆ. ಬಳೇಪೇಟೆಯನ್ನು ಹುಡುಕಿ ಬರುವವರಲ್ಲಿ ವಾದ್ಯಗಳನ್ನು ಕೊಳ್ಳುವವರೇ ಅನೇಕರು. ಆದರೂ ಪೂರ್ವಸ್ಥಿತಿಗೆ ಆ ಹೆಸರೊಂದು ಪ್ರಮಾಣವಾಗಿ ನಿಂತಿದೆ. ದೊಡ್ಡಪೇಟೆಗೆ ಈ ಭಾಗ್ಯವಿಲ್ಲ. ತೆಂಕಣಿಂದ ಬಡಗಣಕ್ಕೆ ಸಾಗುವ ಆ ಬೀದಿಯು ಅವೆನ್ಯೂ ರಸ್ತೆಯಾಯಿತು. ಅದನ್ನು ಅಡ್ಡಹಾಯುವ ಚಿಕ್ಕಪೇಟೆ ಮಾತ್ರ ಹೆಸರನ್ನು ಉಳಿಸಿಕೊಂಡಿದೆ. ಯಾವುದಕ್ಕಿಂತ ಚಿಕ್ಕದೆಂದು ಕೇಳುವ ಆಗಂತುಕನಿಗೆ ಎದುರಿನ ಬೀದಿಯ ಹೆಸರಿನಲ್ಲಿ ಉತ್ತರವು ದೊರೆಯದು.